ತಂತಿ ಕಂಡಿತ್ತು

ಮಗ್ಗ ನಡದಾಗ ಬನಹಟ್ಟ್ಯಾಗ ಯಾರೂ ವಾದ ಮಾಡೂದಿಲ್ಲ.
ಇಪ್ಪತ್ತನಾಕು ಮಗ್ಗ ಖಟಲ್ ಖಟಲ್ ಅನ್ನೂವಾಗ
ಬಾಯಿ ಇರೂದು ಎಲಿ ಅಡಿಕಿಗಷ್ಟ.
ಕರೆಂಟ್ ಹೋತಂದ್ರ ಮಾತ್ರ
ಹೋದ ಸಲ ಎಲ್ಲಿ ಮಲಗಿತ್ತೋ ಅಲ್ಲಿಂದನ
ಜಗಳ ಎದ್ದು ಕುಂಡರತೈತಿ.

"ಹಾರತಿದ್ದ ಅಂತೀ. ಹಾರತಿರಲಿಲ್ಲ ಕಾಕಾ,
ನಿಮ್ಮಂವ ಜೋತು ಬಿದ್ದಿದ್ದ."
ಇದು ಶ್ರೀಶೈಲ. ಹತ್ತೊಂಬತ್ತು.
ರಾತ್ರಿ ಪಾಳಿ ಮುಗಿಸಿ ಹಗಲ ಪಾಳಿಗೂ ನಿಂತಾಂವ.
ಅವನ ಮೊಬೈಲಿನ ಗಾಜು ಒಡದೈತಿ,
ಅದರಾಗಿನ ಹೀರೋಗೋಳು ಮೂರು ತುಂಡಾಗಿ ಹಾರತಾರ.

ದಸ್ತಗೀರ ಕಾಕಾ ಅವಸರ ಮಾಡೂದಿಲ್ಲ.
ಸುಣ್ಣ ಹಚ್ಚತಾನ, ಮಡಸತಾನ, ಆಮ್ಯಾಲೆ:
"ಜೋತು ಬಿದ್ದಿದ್ದ, ಖರೆ. ತಂತಿ ನಾನೂ ನೋಡೇನಿ.
ಜಮಖಂಡಿ ಟಾಕೀಜು, ಮುಂದಿನ ಬಾಕು, ಎಂಬತ್ತು ಪೈಸೆ.
ಇಂಗ್ಲಿಷಿನಾಂವ ಹಿಂದಿ ಮಾತಾಡತಿದ್ದ,
ತುಟಿ ಮುಚ್ಚಿದ ಮ್ಯಾಲೂ ಮಾತು ನಡದ ಇರತಿತ್ತು.
ಮಾಳಗಿ ಮ್ಯಾಲಿಂದ ಜಿಗದ, ಬೆನ್ನಿನ ಕೆಂಪ ಅರಿವಿ ಬಿಚ್ಚಿಕೊಂತು,
ಬೆಳಕು ಬಡದು ಹೆಗಲ ಹತ್ರ
ಕೂದಲೆಳಿಯಷ್ಟು ತಂತಿ ಮಿಂಚಿತು.
ಇಡೀ ಟಾಕೀಜು ಸಿಳ್ಳಿ ಹೊಡೀತು ನೋಡು!"
"ತಪ್ಪಿಗೆ ಸಿಳ್ಳಿ?"
"ತಪ್ಪಿಗಲ್ಲೋ ಮಬ್ಬ. ಕಡದಿದ್ರ ಬೀಳಾಂವ ಅವನ ಅಲಾ.
ಈಗ ಬಿದ್ರ ಯಾರು ಬೀಳತಾರ?"

ನಡುವ ಮಹಾನಿಂಗ ಬಾಯಿ ಹಾಕಿದ,
ಡಿಸೈನಿನ ಕಾರ್ಡಿಗೆ ತೂತು ಹೊಡಿಯಾಂವ,
ಕಂಪ್ಯೂಟರ್ ಬಂದ ಮ್ಯಾಲೆ ವಾರಕ್ಕ ಮೂರ ದಿನ ಬರಾಂವ:
"ಹೊಸದರಾಗ ಆ ಅರಿವಿ ಅರಿವಿನ ಅಲ್ಲ.
ಹಾಸಿಲ್ಲ, ಹೊಕ್ಕಿಲ್ಲ. ಮಳ್ಯಾಗ ನಿಂತ್ರ ತೊಯ್ಯೂದಿಲ್ಲ."
"ತೊಯ್ತೈತಿ. ಒಂದೊಂದ ಎಳಿ ಲೆಕ್ಕ ಹಾಕಿ ತೋಯಿಸ್ಯಾರ,
ಮುನ್ನೂರು ಮಂದಿ ಕುಂತು."
"ಮುನ್ನೂರು ಮಂದಿಗೆ ಪಗಾರ ಎಷ್ಟಂತ?"

ಅದು ಯಾರಿಗೂ ಗೊತ್ತಿರಲಿಲ್ಲ.
ಸ್ವಲ್ಪ ಹೊತ್ತು ಎಲ್ಲಾರೂ ಅದನ್ನ ವಿಚಾರ ಮಾಡಿದ್ರು.

"ಮತ್ತ ಒಂದ ಸಿನಿಮಾಕ್ಕ ಹನ್ನೆರಡು ಮಂದಿ ಹೀರೋ!
ಅದು ಯುದ್ಧ ಅಲ್ಲೋ, ನಗರಸಭೆ ಮೀಟಿಂಗು" ಅಂದ ಕಾಕಾ.
ಶ್ರೀಶೈಲ ನಗಲಿಲ್ಲ. ಮೊಬೈಲ್ ಮುಂದ ಹಿಡದ.
ಊರ ಉಳಿಸಿದ ಮ್ಯಾಲೆ ಅದರಾಗ ಒಬ್ಬಾಂವ
ಕತ್ತಲ ಪಾವಟಿಗಿ ಮ್ಯಾಲೆ ಕುಂತು ಕೈಗವಸ ತಗೀತಾನ.
ಅಂಗೈ ತುಂಬ ಬೊಬ್ಬಿ.
ಬೆರಳು ಮಡಚಾಕ ನೋಡತಾನ, ಮಡಚೂದಿಲ್ಲ.
"ನಿಮ್ಮಂವ ಒಂದ ಸಲನಾರೆ ದಣದಾನೇನು?
ಇದನ್ನ ನಾ ನಲವತ್ತು ಸಲ ನೋಡೇನಿ."

ಕಾಕಾ ನೋಡಿದ. ತಿರುಗಿ ಕೊಟ್ಟ.
"ದಣಿಯೂದು ನೋಡಾಕ ರೊಕ್ಕ ಯಾಕ ಕೊಡಬೇಕು,
ಮನ್ಯಾಗ ಕನ್ನಡಿ ಐತಲ್ಲ."

ನಲವತ್ತು ವರ್ಷ ಎಳಿ ಹರದಲ್ಲೆಲ್ಲಾ
ಗಂಟು ಕಾಣದ್ಹಂಗ ನೇಯ್ದ ಮನಶ್ಯಾ ಅಂವ.
ಒಂದು ಗಂಟು ಕಂಡ್ರ ಸೀರಿಗೆ ಇಷ್ಟಂತ ಕಡಿತ.
ತಂತಿ ಕಂಡಾಗ ಅಂವ ಯಾಕ ಸಿಳ್ಳಿ ಹೊಡದನೋ
ನನಗ ಸ್ವಲ್ಪ ಗೊತ್ತಾಗತೈತಿ.

ನಾ ಮೂಲ್ಯಾಗ ಕಂಡಿಕಿ ಸುತ್ತಾಕಿ, ನನ್ನ ಯಾರೂ ಕೇಳಿಲ್ಲ.
ಆ ಹಳೇದನ್ನ ನಾನೂ ನೋಡೇನಿ,
ಅಣ್ಣನ ಅಂಗಿ ತೊಟ್ಟು, ಗಂಡು ಹುಡುಗರ ನಡುವ.
ಅವರು ತಂತಿ ನೋಡಿದ್ರು. ನಾ ಅರಿವಿ ನೋಡಿದೆ.
ಒಂದ ಸೀನಿನ್ಯಾಗ ಎಡ ಅಂಚು ಹರದಿತ್ತು,
ಮುಂದಿನದರಾಗ ಹೊಲದಿತ್ತು, ದಾರದ ಬಣ್ಣ ಒಂಚೂರು ಬ್ಯಾರೆ.
ಪರದೆ ಆಚೆ ಯಾರೋ ಒಬ್ಬಾಕಿ
ಸೂಜಿ ಹಿಡಕೊಂಡು ಕುಂತಿದ್ಲು.
ಹೊಸದರಾಗ ಆಕಿ ಎಲ್ಲಿ ಕುಂತಾಳ?
ಇವತ್ತ ಕೇಳೇ ಬಿಡೂಣಂತ ಗಂಟಲ ಸರಿ ಮಾಡಿಕೊಂಡೆ:
"ಅಲ್ರೀ, ಆ ಅರಿವಿ..."

ಕರೆಂಟ್ ಬಂತು.

ಖಟಲ್ ಖಟಲ್ ನಡುವ ಆ ದಂಡಿಗೆ ಶ್ರೀಶೈಲ
ಎರಡೂ ಕೈ ಮ್ಯಾಲೆತ್ತಿ ಜೋತು ಬಿದ್ದಾಂವನ್ಹಂಗ ಕಾಲಾಡಿಸಿದ.
ಈ ದಂಡಿಯಿಂದ ಕಾಕಾ ಅಂಗೈ ತಗದು ತೋರಿಸಿದ,
ಬೆರಳು ಮಡಚಿದ, ಪೂರಾ ಮಡಚಲಿಲ್ಲ.
ಇಬ್ಬರೂ ನಕ್ಕಿದ್ದು ಕೇಳಲಿಲ್ಲ, ಕಂಡಿತು.

ನನ್ನ ಕಂಡಿಕಿ ಎಳಿ ಹರೀತು.